ಮುಟ್ಟಿದರೆ ಅಂಟುವುದಿಲ್ಲ

ಈ ಸಭೆಯ ಅಧ್ಯಕ್ಷರೇ, ನಮ್ಮ ಆಸ್ಪತ್ರೆಯ ಚರ್ಮ ವಿಭಾಗವನ್ನು ಕೈಹಿಡಿದು ನಡೆಸಿಕೊಂಡು ಬಂದಿರುವ ಹಿರಿಯ ವೈದ್ಯರೇ, ಬೇರೆ ಕೆಲಸ ಬಿಟ್ಟು ಬಂದಿರುವ ಅತಿಥಿಗಳೇ, ನನ್ನ ಜೊತೆ ದುಡಿಯುವ ಅಕ್ಕತಂಗಿಯರೇ, ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಹಿಂದಿನ ಸಾಲುಗಳಲ್ಲಿ ಕೂತಿರುವ ತಾಯಂದಿರೇ, ಅವರ ಪಕ್ಕದಲ್ಲಿ ಆಗಲೇ ತೂಕಡಿಸುತ್ತಿರುವ ತಂದೆಯರೇ, ಸಭಿಕರೇ,

ವಿಭಾಗದ ವಾರ್ಷಿಕ ದಿನಕ್ಕೆ ಪ್ರತಿ ಸಲವೂ ಒಬ್ಬ ದೊಡ್ಡ ವೈದ್ಯರು ಮಾತಾಡುವುದು ವಾಡಿಕೆ. ಈ ಸಲ ಹಿರಿಯ ವೈದ್ಯರು ನನ್ನನ್ನು ಕರೆದು, 'ಸಿಸ್ಟರ್, ತಾಯಂದಿರಿಗೆ ಅರ್ಥವಾಗುವ ಹಾಗೆ ಚರ್ಮದ ಉರಿಯೂತದ ಬಗ್ಗೆ ನೀವೇ ನಾಲ್ಕು ಮಾತು ಹೇಳಿ. ನಾನು ಹೇಳಿದರೆ ಅವರು ತಲೆಯಾಡಿಸುತ್ತಾರೆ, ಹೊರಗೆ ಹೋಗಿ ನಿಮ್ಮನ್ನೇ ಕೇಳುತ್ತಾರೆ' ಎಂದರು. ಒಪ್ಪಿಕೊಂಡೆ. ಒಪ್ಪಿಕೊಳ್ಳಬಾರದಿತ್ತೇನೋ. ಈ ವಿಷಯದಲ್ಲಿ ಇನ್ನೊಂದು ತೊಂದರೆಯೂ ಇದೆ. ತುರಿಕೆಯ ಬಗ್ಗೆ ಬಾಯಿ ತೆರೆದರೆ ಸಾಕು, ಕೇಳುವವರ ಮೈಯೆಲ್ಲ ತುರಿಸುತ್ತದೆ. ನೋಡಿ, ಮೂರನೇ ಸಾಲಿನಲ್ಲಿ ಆಗಲೇ ಒಂದು ಕೈ ಕುತ್ತಿಗೆಗೆ ಹೋಯಿತು. ನಾಚಿಕೊಳ್ಳಬೇಡಿ ಸ್ವಾಮಿ, ತುರಿಸಿಕೊಳ್ಳಿ. ಇದು ನಮ್ಮ ಮನೆ.

ಉರಿಯೂತ ಎಂದರೇನು? ಚರ್ಮ ಸಿಟ್ಟಾಗುವುದು, ಅಷ್ಟೇ. ಕೆಂಪಾಗುತ್ತದೆ, ಒಣಗುತ್ತದೆ, ತುರಿಸುತ್ತದೆ, ಕೆಲವೊಮ್ಮೆ ನೀರು ಒಸರುತ್ತದೆ. ಬಣ್ಣ ಕಪ್ಪಗಿದ್ದವರಲ್ಲಿ ಕೆಂಪು ಕಾಣುವುದಿಲ್ಲ, ಬೂದಿ ಬಳಿದ ಹಾಗೆ ಅಥವಾ ಇನ್ನೂ ಕಪ್ಪಾಗಿ ಕಾಣುತ್ತದೆ. ಆದರೆ ಎಲ್ಲರ ಸಿಟ್ಟೂ ಒಂದೇ ಕಾರಣಕ್ಕೆ ಬರುತ್ತದೆಯೇ? ಚರ್ಮದ್ದೂ ಹಾಗೆಯೇ.

ಕೆಲವರಿಗೆ ಯಾವುದೋ ಒಂದು ವಸ್ತು ಆಗಿಬರುವುದಿಲ್ಲ. ಬೆಲ್ಟಿನ ಬಕಲ್ ತಾಗುವ ಕಡೆ ಹೊಕ್ಕಳ ಕೆಳಗೆ ಕಜ್ಜಿ, ಅಗ್ಗದ ಓಲೆ ಹಾಕಿದ ಕಿವಿಯಲ್ಲಿ ರಸಿಕೆ, ಕೂದಲಿಗೆ ಬಣ್ಣ ಹಚ್ಚಿಸಿಕೊಂಡ ಮರುದಿನ ಹಣೆಯೆಲ್ಲ ಊತ. ಇಂಥವರು ಮುಲಾಮು ಹುಡುಕುವುದಕ್ಕಿಂತ ಮೊದಲು ಕಾರಣ ಹುಡುಕಬೇಕು. ಕಾರಣ ಸಿಗದಿದ್ದರೆ ನಮ್ಮಲ್ಲಿ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆ ಇದೆ. ಒಬ್ಬ ಮೇಸ್ತ್ರಿ ಬಂದಿದ್ದರು. ಅವರ ಚರ್ಮ ಒಪ್ಪದೆ ಇದ್ದದ್ದು ಸಿಮೆಂಟನ್ನು. 'ಹೆಂಡತಿ ಒಪ್ಪಲ್ಲ ಅಂದ್ರೆ ಬೇರೆ ಮನೆ ಮಾಡಬಹುದು ಸಿಸ್ಟರ್, ಸಿಮೆಂಟ್ ಒಪ್ಪಲ್ಲ ಅಂದ್ರೆ ನಾನೇನು ಮಾಡ್ಲಿ?' ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಇನ್ನು ಕೆಲವರಿಗೆ ತಲೆಯಲ್ಲಿ, ಹುಬ್ಬಿನಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು. ಹಸುಗೂಸುಗಳ ನೆತ್ತಿಯ ಮೇಲೆ ಚಕ್ಕೆ ಕಟ್ಟುವುದೂ ಇದೇ ಜಾತಿಯದು. ಉಗುರಿನಿಂದ ಕೆರೆಯಬೇಡಿ. ಎಣ್ಣೆ ಹಚ್ಚಿ ನೆನೆಸಿ, ಮೆತ್ತಗೆ ಬಾಚಿ. ದೊಡ್ಡವರಿಗೆ ಔಷಧದ ಶಾಂಪೂ ಇದೆ. ಬರುತ್ತದೆ, ಹೋಗುತ್ತದೆ, ಪ್ರಾಣ ತೆಗೆಯುವುದಿಲ್ಲ.

ಮೂರನೆಯದು ಕೈಯದು. ದಿನವಿಡೀ ಸೋಪು, ನೀರು, ಸೋಪು, ನೀರು. ಪಾತ್ರೆ ತೊಳೆಯುವವರು, ನೆಲ ಒರೆಸುವವರು, ನನ್ನಂಥ ನರ್ಸುಗಳು. ಮೊದಲು ಬೆರಳ ಸಂದಿಯಲ್ಲಿ ಒಣಗುತ್ತದೆ. ಆಮೇಲೆ ಬೆರಳ ಗಂಟಿನ ಮೇಲೆ ಸೀಳು ಬೀಳುತ್ತದೆ. ಆಮೇಲೆ ನಿಂಬೆಹಣ್ಣು ಹಿಂಡಿದರೆ ಜೀವ ಹೋಗುತ್ತದೆ. ನನ್ನ ಅಮ್ಮನ ಕೈ ಹೀಗಿತ್ತು.

ಇರಲಿ. ಅಮ್ಮನ ಮಾತು ಆಮೇಲೆ.

ನಾಲ್ಕನೆಯದು, ಈ ಸಭೆಯಲ್ಲಿ ಹೆಚ್ಚಿನ ಮಕ್ಕಳಿಗೆ ಇರುವಂಥದ್ದು. ಹುಟ್ಟಿದ ಕೆಲವೇ ತಿಂಗಳಿಗೆ ಕೆನ್ನೆ ಕೆಂಪಾಗುತ್ತದೆ. ಬಂದವರೆಲ್ಲ 'ಆಹಾ, ಸೇಬಿನಂಥ ಕೆನ್ನೆ' ಅನ್ನುತ್ತಾರೆ. ಮಗು ನಡೆಯಲು ಕಲಿಯುವ ಹೊತ್ತಿಗೆ ಅದು ಮೊಣಕೈಯ ಒಳಮಡಿಕೆಗೆ, ಮೊಣಕಾಲಿನ ಹಿಂದಕ್ಕೆ, ಮಣಿಕಟ್ಟಿಗೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವೋ, ಸದಾ ಸೀನುವ ನೆಗಡಿಯೋ ಇರುತ್ತದೆ. ಇದಕ್ಕೆ ಏನು ಮಾಡಬೇಕು? ಉಗುರುಬೆಚ್ಚಗಿನ ನೀರು, ಚುಟುಕು ಸ್ನಾನ, ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸುವುದು, ಮೈ ಇನ್ನೂ ತೇವವಾಗಿರುವಾಗಲೇ ಮೈತುಂಬ ಜಿಡ್ಡಿನ ಮುಲಾಮು. ಕೆರಳಿದ ಕಡೆಗೆ ಮಾತ್ರ ವೈದ್ಯರು ಬರೆದುಕೊಟ್ಟ ಸ್ಟೆರಾಯ್ಡ್, ಅವರು ಹೇಳಿದಷ್ಟು ದಿನ. ಔಷಧದಂಗಡಿಯವನನ್ನು ಕೇಳಿ ಜೋರಾದ ಟ್ಯೂಬು ತಂದು ಮುಖಕ್ಕೆ ಬಳಿಯುವುದು ಎಷ್ಟು ತಪ್ಪೋ, ಸ್ಟೆರಾಯ್ಡ್ ಎಂಬ ಹೆಸರಿಗೇ ಹೆದರಿ ಮಗುವನ್ನು ರಕ್ತ ಬರುವವರೆಗೆ ಕೆರೆದುಕೊಳ್ಳಲು ಬಿಡುವುದೂ ಅಷ್ಟೇ ತಪ್ಪು.

ಎಲ್ಲಕ್ಕಿಂತ ಮುಖ್ಯವಾದ ಮಾತು ನಮ್ಮ ವಿಭಾಗದ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆದಿದೆ. ಮುಟ್ಟಿದರೆ ಅಂಟುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಎತ್ತಿಕೊಳ್ಳಿ, ಮುದ್ದಾಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಈ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಯಾಕೆಂದರೆ ನಾನೂ ಅಂಥದ್ದೇ ಮಗು. ನನ್ನ ಕೈ ನೋಡಿ ನಿಮ್ಮಲ್ಲಿ ಹಲವರು ಊಹಿಸಿರುತ್ತೀರಿ. ಶಾಲೆಯಲ್ಲಿ ನನಗೆ ಹಲ್ಲಿ ಎಂದು ಹೆಸರಿಟ್ಟಿದ್ದರು. ಕೈ ಕೈ ಹಿಡಿದು ದುಂಡಗೆ ನಿಲ್ಲುವ ಆಟದಲ್ಲಿ ನನ್ನ ಎರಡೂ ಕಡೆಯ ಹುಡುಗಿಯರು ಲಂಗದ ಅಂಚನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಅದನ್ನೇ ಹಿಡಿದುಕೊಂಡು ಸುತ್ತುತ್ತಿದ್ದೆ. ಮಕ್ಕಳಲ್ಲವೇ, ಅವರಿಗೇನು ಗೊತ್ತು? ಅದನ್ನು ನಾನು ಎಂದೋ ಮರೆತೆ.

ಮರೆಯಲಾಗದ್ದು ಬೇರೆ. ನನ್ನ ಅಮ್ಮ ನನ್ನನ್ನು ಮುಟ್ಟುತ್ತಿರಲಿಲ್ಲ.

ಕ್ಷಮಿಸಿ. ಈ ಮಾತನ್ನು ಇಲ್ಲಿ ಆಡಬೇಕೆಂದು ಬಂದವಳಲ್ಲ ನಾನು. ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅಪ್ಪ ಬಸ್ ಡ್ರೈವರ್. ನಮ್ಮದು ಎರಡು ಕೋಣೆಯ ಮನೆ, ಮುಂದಿನ ಕೋಣೆಯ ಕಿಟಕಿಯ ಬಳಿ ಅಮ್ಮನ ಹೊಲಿಗೆ ಮಿಷನ್ನು. ನನ್ನ ಅಂಗಿಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು, ಹಳೆಯ ಹತ್ತಿ ಸೀರೆಯ ಮೆತ್ತನೆ ಬಟ್ಟೆಯಲ್ಲಿ. ಒಳಗಿನ ಹೊಲಿಗೆ ಮೈಗೆ ಉಜ್ಜಬಾರದೆಂದು ಹೊಲಿಗೆಯ ಅಂಚೆಲ್ಲ ಹೊರಗೆ ಬರುವ ಹಾಗೆ ಹೊಲಿಯುತ್ತಿದ್ದಳು. ಅಂಗಿ ತಿರುವುಮುರುವಾಗಿ ಹಾಕಿಕೊಂಡು ಬಂದಿದ್ದಾಳೆ ಎಂದು ಶಾಲೆಯಲ್ಲಿ ನಗುತ್ತಿದ್ದರು. ನಾನು ಬಂದು ಹೇಳಿದರೆ ಅಮ್ಮ ಮಿಷನ್ನು ನಿಲ್ಲಿಸದೆ, 'ನಗೋರು ನಗಲಿ, ನಿನಗೆ ತುರಿಸಲ್ಲ ತಾನೇ?' ಅನ್ನುತ್ತಿದ್ದಳು.

ಆದರೆ ಮೈಗೆ ಮುಲಾಮು ಹಚ್ಚುವುದು ಅಪ್ಪ. ಸ್ನಾನ ಮಾಡಿಸುವುದು ಅಪ್ಪ. ಆ ದಪ್ಪ ಕೈಗಳು, ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈಗಳು, ಎಷ್ಟು ಮೆತ್ತಗೆ ಹಚ್ಚಿದರೂ ಮರಳು ಕಾಗದದ ಹಾಗಿದ್ದವು. ಅಮ್ಮ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. 'ಮೊಣಕಾಲಿನ ಹಿಂದೆ ಬಿಟ್ಟುಹೋಯ್ತು. ಕಿವಿ ಕೆಳಗೆ ಹಚ್ಚಿ. ಅಷ್ಟು ಒತ್ತಬೇಡಿ, ಮಗು ಅದು, ಬಸ್ಸಲ್ಲ' ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ನನ್ನ ತಲೆ ಬಾಚುವಾಗ ಹಿಂದೆ ನಿಂತು, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಬಾಚಣಿಗೆಯ ತುದಿ ಮಾತ್ರ ತಾಗುವ ಹಾಗೆ ಬಾಚುತ್ತಿದ್ದಳು. ಅದಕ್ಕೆ ಮೊದಲು ಸೋಪಿನಿಂದ ಕೈ ತೊಳೆಯುತ್ತಿದ್ದಳು. ನನ್ನ ತಟ್ಟೆ ಮುಟ್ಟುವ ಮೊದಲು, ನನ್ನ ಬಟ್ಟೆ ಮಡಿಸುವ ಮೊದಲು, ಆಮೇಲೆ ಮತ್ತೆ. ಕೈ ಒಡೆದು ರಕ್ತ ಬರುತ್ತಿತ್ತು. ಹೊಲಿಯುವ ಬಟ್ಟೆಗೆ ಕಲೆಯಾಗಬಾರದೆಂದು ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು.

ಅದನ್ನೆಲ್ಲ ನೋಡುವ ಮಗು ಏನೆಂದುಕೊಳ್ಳಬೇಕು, ಹೇಳಿ? ನನ್ನ ಮೈ ಅಮ್ಮನಿಗೆ ಹೇಸಿಗೆ ಎಂದುಕೊಂಡೆ. ಕೈಯಿಂದ ನನ್ನನ್ನು ತೊಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಒಂದು ಸಲ ಕೇಳಿಯೂ ಬಿಟ್ಟೆ. 'ಅಮ್ಮಾ, ನಾನು ಗಲೀಜಾ?' ಅಮ್ಮ ಕತ್ತರಿ ಕೆಳಗಿಟ್ಟಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯಿಂದ ನೀರು ಬೀಳುವ ಸದ್ದು ತುಂಬ ಹೊತ್ತು ಕೇಳಿಸುತ್ತಿತ್ತು. ನನಗೆ ಉತ್ತರ ಸಿಕ್ಕಿತು ಎಂದುಕೊಂಡೆ.

ನನ್ನ ಎಡಗಣ್ಣು ಹೀಗಿರುವುದನ್ನು ಎಲ್ಲರೂ ನೋಡಿದ್ದೀರಿ. ಹೂ ಬಿದ್ದಿದೆ ಅನ್ನುತ್ತಾರೆ ಜನ. ಎಂಥ ಚೆಂದದ ಮಾತು, ಕುರುಡಾದ ಕಣ್ಣಿಗೆ! ನನಗೆ ಮೂರು ತುಂಬಿ ನಾಲ್ಕು ನಡೆಯುವಾಗ ಜೋರು ಜ್ವರ ಬಂದಿತ್ತಂತೆ, ಮುಖದ ತುಂಬ ಗುಳ್ಳೆ ಎದ್ದಿತ್ತಂತೆ, ಆಸ್ಪತ್ರೆಯಲ್ಲಿ ಇಟ್ಟಿದ್ದರಂತೆ, ಜೀವ ಉಳಿಯಿತು ಕಣ್ಣು ಉಳಿಯಲಿಲ್ಲವಂತೆ. ಮನೆಯಲ್ಲಿ ಹೇಳಿದ್ದು ಇಷ್ಟೇ. ನರ್ಸಿಂಗ್ ಓದುವಾಗ ಅದೇನೆಂದು ನನಗೆ ತಿಳಿಯಿತು. ತಾಯಂದಿರೇ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ದೊಡ್ಡವರ ತುಟಿಯ ಅಂಚಿನಲ್ಲಿ ಒಮ್ಮೊಮ್ಮೆ ಚುರುಚುರು ಎಂದು ನೀರುಗುಳ್ಳೆ ಏಳುತ್ತದೆ. ಜ್ವರದ ಗುಳ್ಳೆ ಅನ್ನುತ್ತೇವೆ. ನಮಗೆ ಅದು ಏನೂ ಅಲ್ಲ, ಒಂದು ವಾರದಲ್ಲಿ ಒಣಗುತ್ತದೆ. ಆದರೆ ಅದರಲ್ಲಿ ಒಂದು ವೈರಸ್ ಇದೆ. ಚರ್ಮದ ಉರಿಯೂತ ಇರುವ ಮಗುವಿಗೆ ಆ ತುಟಿ ತಾಗಿದರೆ, ಬಿರುಕು ಬಿಟ್ಟ ಚರ್ಮದ ಮೂಲಕ ಅದು ಕಾಡ್ಗಿಚ್ಚಿನ ಹಾಗೆ ಹರಡಬಹುದು. ಒಂದೇ ಅಳತೆಯ ಗುಳ್ಳೆಗಳು ಗುಂಪುಗುಂಪಾಗಿ ಏಳುತ್ತವೆ, ಒಡೆದು ಗುಳಿ ಬೀಳುತ್ತವೆ, ತುರಿಕೆಗಿಂತ ನೋವು ಹೆಚ್ಚು, ಜ್ವರ. ಹಾಗೇನಾದರೂ ಕಂಡರೆ ನಾಳೆ ನೋಡೋಣ ಅನ್ನಬೇಡಿ. ಆ ಕ್ಷಣವೇ ಓಡಿ ಬನ್ನಿ. ಕಣ್ಣಿನ ಹತ್ತಿರವಿದ್ದರೆ ಇನ್ನೂ ಬೇಗ.

ಚರ್ಮದ ಉರಿಯೂತ ಅಂಟುವುದಿಲ್ಲ. ಇದು ಮಾತ್ರ ಅಂಟುತ್ತದೆ.

ನನಗೆ ಯಾರಿಂದ ಅಂಟಿತ್ತು? ಕೇಳಲು ಹೋಗಲಿಲ್ಲ. ಬೀದಿಯವರೆಲ್ಲ ಎತ್ತಿಕೊಂಡು ಆಡಿಸುತ್ತಿದ್ದರಂತೆ. ನನ್ನ ಅನುಮಾನ ಸೋದರತ್ತೆಯ ಮೇಲಿತ್ತು. ಅವಳು ಎದುರಿಗೆ ಸಿಕ್ಕ ಮಗುವನ್ನೆಲ್ಲ ಹಿಡಿದು ಮುತ್ತಿಕ್ಕುವವಳು, ಪಕ್ಕದ ಮನೆಯ ನಾಯಿಮರಿಯನ್ನೂ ಬಿಟ್ಟವಳಲ್ಲ.

ಇದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ, ಇದೇ ವಿಭಾಗ ಕೇಳಿ ಪಡೆದೆ. ಅಪ್ಪ ಸಿಹಿ ಹಂಚಿದರು. ಅಮ್ಮ ನನ್ನ ಸಮವಸ್ತ್ರ ಹೊಲಿದುಕೊಟ್ಟಳು, ಹೊಲಿಗೆ ಹೊರಗಿಟ್ಟು. ಹಾಕಿಕೊಂಡು ನಿಂತಾಗ ದೂರದಿಂದಲೇ ಮೇಲಿಂದ ಕೆಳಗೆ ನೋಡಿ, 'ಭುಜ ಸರಿಯಾಗಿದೆ' ಎಂದಳು. ನಾನು ಊರಿನ ಮಕ್ಕಳಿಗೆಲ್ಲ ಮುಲಾಮು ಹಚ್ಚುತ್ತಿದ್ದೆ, ಊರಿನ ತಾಯಂದಿರಿಗೆಲ್ಲ 'ಮುಟ್ಟಿದರೆ ಅಂಟುವುದಿಲ್ಲ' ಎಂದು ಹೇಳುತ್ತಿದ್ದೆ, ಸಂಜೆ ಮನೆಗೆ ಹೋದರೆ ಅಮ್ಮ ನನ್ನ ಲೋಟ ಮೇಜಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಆ ಮಾತನ್ನು ಅವಳಿಗೆ ನಾನು ಯಾಕೆ ಹೇಳಲಿಲ್ಲ ಎನ್ನುತ್ತೀರಾ? ಹೇಳಿದೆ. ನಮ್ಮ ವಿಭಾಗದ ಕರಪತ್ರವನ್ನೇ ತಂದು ಕೊಟ್ಟೆ. ಅಮ್ಮ ಓದಿ, ಮಡಿಸಿ, 'ನನಗೆ ಗೊತ್ತು' ಎಂದಳು. ಗೊತ್ತಿದ್ದೂ ಮುಟ್ಟದವಳ ಜೊತೆ ಯಾರು ವಾದಿಸುತ್ತಾರೆ?

ಕಳೆದ ವರ್ಷ ಅಮ್ಮನ ಹೃದಯ ಕೆಟ್ಟಿತು. ಇಲ್ಲೇ ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ ಸೇರಿಸಿದೆವು. ನನ್ನ ಪಾಳಿ ಮುಗಿದ ಮೇಲೆ ಮುಲಾಮಿನ ಡಬ್ಬಿ ಹಿಡಿದುಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂರುತ್ತಿದ್ದೆ. ಕೈ ಎಳೆದುಕೊಳ್ಳಲೂ ಅವಳಲ್ಲಿ ತ್ರಾಣವಿರಲಿಲ್ಲ. ನನಗೆ ಬುದ್ಧಿ ಬಂದ ಮೇಲೆ ಅಮ್ಮನ ಕೈ ಹಿಡಿದದ್ದು ಅದೇ ಮೊದಲು. ಒಂದೊಂದೇ ಬೆರಳಿಗೆ ಹಚ್ಚಿದೆ. ಬಿರುಕುಗಳು ಒಳಗಿನವರೆಗೂ ಹೋಗಿದ್ದವು. ಹಚ್ಚುತ್ತ ಹಚ್ಚುತ್ತ ಏನೋ ತೋಚಿ, ಬಗ್ಗಿ ನನ್ನ ಕೆನ್ನೆಯನ್ನು ಅವಳ ಕೆನ್ನೆಯ ಹತ್ತಿರ ತಂದೆ.

ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. 'ಹತ್ತಿರ ಬರಬೇಡ' ಎಂದಳು. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದ ಹಾಗಿತ್ತು. 'ಬೇಡ ಕಂದಾ. ಬರಬೇಡ.'

ಆಮೇಲೆ ಅಮ್ಮ ಹೆಚ್ಚು ದಿನ ಇರಲಿಲ್ಲ.

ಸಭಿಕರೇ, ನಾನು ಅಳಲಿಲ್ಲ. ಅಳು ಬರಲಿಲ್ಲ. ಕೊನೆಗಾಲದಲ್ಲೂ ಮಗಳ ಮುಖ ಬೇಡವಾದ ತಾಯಿಗೆ ಯಾರು ಅಳುತ್ತಾರೆ? ಬಂದವರೆಲ್ಲ ನನ್ನ ಬೆನ್ನು ಸವರಿ ಹೋದರು. ಮನೆ ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ಅಪ್ಪ ಕಿಟಕಿಯ ಹತ್ತಿರ ಕೂತು ಅಮ್ಮನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಇನ್ನು ಯಾರು ಹೊಲಿಯುತ್ತಾರೆ ಎಂದು ಎಣ್ಣೆ? ನಾನು ಕೇಳಿದೆ, 'ಯಾಕಪ್ಪ ಅದು? ಮಾರಿಬಿಡೋಣ. ನನ್ನನ್ನ ಕಂಡ್ರೆ ಆಗದವಳ ವಸ್ತು ನನಗೇನೂ ಬೇಡ.'

ಅಪ್ಪ ಎಣ್ಣೆ ಡಬ್ಬಿ ಕೆಳಗಿಟ್ಟರು.

'ಆಗದವಳು ಅಂದ್ಯಾ?' ಎಂದರು. 'ಮಾತು ತಗೊಂಡಿದ್ಲು ಕಣಮ್ಮ ನನ್ನ ಹತ್ರ. ಅವಳಿರೋ ತನಕ ಹೇಳಬಾರದು ಅಂತ. ಈಗ ಅವಳಿಲ್ಲ. ನಿನ್ನ ಕಣ್ಣು ಹೋಗಿದ್ದು ಅವಳ ಮುತ್ತಿನಿಂದ.'

ಅಪ್ಪ ಹೇಳಿದ್ದನ್ನೇ ಹೇಳುತ್ತೇನೆ. ಆವತ್ತು ಮಧ್ಯಾಹ್ನ ಅಮ್ಮನ ತುಟಿಯ ಮೇಲೆ ಸಣ್ಣ ಗುಳ್ಳೆ ಎದ್ದಿತ್ತು. ಅಂಥದ್ದನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ನಾನು ಕೆರೆದುಕೊಂಡು ಅತ್ತು ಅತ್ತು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಮುಖದ ಚರ್ಮವೆಲ್ಲ ಕಿತ್ತುಹೋಗಿತ್ತು. ಅಮ್ಮ ಬಗ್ಗಿ ಮುಚ್ಚಿದ ಕಣ್ಣಿನ ಮೇಲೆ ಮುತ್ತು ಕೊಟ್ಟಳು. ಆಸ್ಪತ್ರೆಯಲ್ಲಿ ವೈದ್ಯರು, ಮನೆಯಲ್ಲಿ ಯಾರಿಗಾದರೂ ತುಟಿಯಲ್ಲಿ ಗುಳ್ಳೆ ಇತ್ತೇ ಎಂದು ಕೇಳಿದಾಗ, ಅವಳ ಗುಳ್ಳೆ ಇನ್ನೂ ಒಣಗಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡವಳು ಮತ್ತೆ ತೆಗೆಯಲಿಲ್ಲವಂತೆ. ವೈದ್ಯರು ಒಳ್ಳೆಯವರು. 'ಅಮ್ಮಾ, ಇದು ನಿಮ್ಮ ತಪ್ಪಲ್ಲ, ಯಾರಿಗೂ ಗೊತ್ತಿರಲ್ಲ. ಗುಳ್ಳೆ ಪೂರ್ತಿ ಒಣಗಿ ವಾಸಿಯಾದ ಮೇಲೆ ಮೊದಲಿನ ಹಾಗೇ ಮುದ್ದು ಮಾಡಿ' ಎಂದು ಕೂರಿಸಿಕೊಂಡು ಹೇಳಿದರಂತೆ. ಆ ಗುಳ್ಳೆ ಮತ್ತೆ ಯಾವಾಗ ಬೇಕಾದರೂ ಬರಬಹುದು ಎಂದೂ ಹೇಳಿದರಂತೆ. ಅಮ್ಮನ ಕಿವಿಗೆ ಬಿದ್ದದ್ದು ಅದೊಂದೇ.

'ನನಗಾದ್ರೂ ಹೇಳಬಹುದಿತ್ತಲ್ಲಪ್ಪ' ಎಂದೆ.

'ನಾನೂ ಅದನ್ನೇ ಅಂದೆ. ಎಷ್ಟು ಸಲ ಅಂದೆ. ಅವಳು ಏನಂತಿದ್ಲು ಗೊತ್ತಾ? ಮುಟ್ಟದ ತಾಯಿ ಅಂತ ಬೇಕಾದ್ರೆ ಅಂದುಕೊಳ್ಳಲಿ, ಕಣ್ಣು ತೆಗೆದ ತಾಯಿ ಅಂತ ಅಂದುಕೊಳ್ಳೋದು ಬೇಡ, ಅಂತಿದ್ಲು.'

ನಾನು ನನ್ನ ನೆನಪನ್ನೆಲ್ಲ ಮಗುಚಿ ಹಾಕಿ ಹುಡುಕಿದ್ದೇನೆ. ಆ ತೊಡೆ, ಆ ಮಧ್ಯಾಹ್ನ, ಆ ಮುತ್ತು, ಏನಾದರೊಂದು ಎಳೆ ಸಿಗುತ್ತದೆಯೇ ಎಂದು. ಮೂರು ವರ್ಷದ ಮಗು, ಅದೂ ನಿದ್ದೆಯಲ್ಲಿತ್ತು. ಏನು ಸಿಗುತ್ತದೆ? ನಲ್ಲಿಯ ಸದ್ದು ಮಾತ್ರ ಇದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಒಂದು ಮಾತು ಮಾತ್ರ ಉಳಿದಿದೆ.

ಈ ವಾರ ನಮ್ಮ ವಿಭಾಗಕ್ಕೆ ಒಬ್ಬ ತಾಯಿ ಬಂದಿದ್ದರು. ತೋಳಿನಲ್ಲಿ ಪುಟ್ಟ ಹುಡುಗಿ, ಕೆನ್ನೆಯೆಲ್ಲ ಕೆಂಡ. ತಾಯಿಯ ತುಟಿಯ ಮೂಲೆಯಲ್ಲಿ ಗುಳ್ಳೆ. ನಾನು ಹೇಳಬೇಕಾದದ್ದನ್ನು ಹೇಳಿದೆ. ಹೇಳದೆ ಇರಲು ಆಗುತ್ತದೆಯೇ? ಹೇಳದಿದ್ದರೆ ಒಂದು ಕಣ್ಣು ಹೋಗಬಹುದು, ಒಂದು ಜೀವವೇ ಹೋಗಬಹುದು. ಗುಳ್ಳೆ ವಾಸಿಯಾಗುವ ತನಕ ಮುತ್ತು ಬೇಡ, ಗುಳ್ಳೆ ಮುಟ್ಟಿದ ಕೈ ತೊಳೆಯಿರಿ ಎಂದೆ. ಆ ಹೆಂಗಸಿನ ಕೈ ಮೆಲ್ಲಗೆ ಮೇಲೆ ಬಂದು ಬಾಯಿ ಮುಚ್ಚಿತು. ಮಗುವನ್ನು ಭುಜದಿಂದ ಇಳಿಸಿ, ತನ್ನಿಂದ ದೂರ ಹಿಡಿದುಕೊಂಡರು. ಅವರು ಔಷಧದ ಚೀಟಿ ತೆಗೆದುಕೊಂಡು ಹೊರಟೇಹೋದರು.

ಸಾಲಿನಲ್ಲಿ ಜನ ಕಾಯುತ್ತಿದ್ದರು. ಬಿಟ್ಟು ಓಡಿದೆ. ಗೇಟಿನ ಹತ್ತಿರ ಸಿಕ್ಕರು. ತಾಯಿಯ ಎರಡೂ ಕೈ ಹಿಡಿದುಕೊಂಡೆ. 'ಅಮ್ಮಾ, ಇನ್ನೊಂದು ಮಾತು. ಒಂದು ವಾರ, ಹತ್ತು ದಿನ ಅಷ್ಟೇ. ಗುಳ್ಳೆ ವಾಸಿಯಾದ ಮೇಲೆ ಮುದ್ದು ಮಾಡ್ಬೇಕು. ಮಾಡ್ಲೇಬೇಕು. ಈಗಲೂ ಎತ್ಕೊಳ್ಳಿ, ತಬ್ಬಿಕೊಳ್ಳಿ, ಮುಲಾಮು ನೀವೇ ಹಚ್ಚಿ. ತುಟಿ ಒಂದು ತಾಗದಿದ್ರೆ ಆಯ್ತು' ಎಂದೆ. ಇನ್ನೂ ಏನೇನೋ ಅಂದೆ. ನಮ್ಮ ಅಮ್ಮ, ಎಂದೂ ಶುರುಮಾಡಿದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ಈ ಕಣ್ಣನ್ನು. ನಿಧಾನಕ್ಕೆ ಕೈ ಬಿಡಿಸಿಕೊಂಡರು.

'ಯಾಕೆ ಬೇಕು ಸಿಸ್ಟರ್ ಆ ಉಸಾಬರಿ' ಎಂದರು. 'ಅವರಪ್ಪ ಇದಾರಲ್ಲ. ಅವರೇ ಎತ್ಕೋತಾರೆ ಬಿಡಿ.'

ಆ ತಾಯಿ ಇವತ್ತು ಈ ಸಭೆಗೆ ಬಂದಿದ್ದಾರೋ ಇಲ್ಲವೋ ನನಗೆ ತಿಳಿಯದು. ದೀಪ ಕಣ್ಣಿಗೆ ಹೊಡೆಯುತ್ತಿದೆ, ಹಿಂದಿನ ಸಾಲುಗಳು ಕಾಣುತ್ತಿಲ್ಲ.

ಕೊಟ್ಟ ಹೊತ್ತಿಗಿಂತ ಹೆಚ್ಚು ತೆಗೆದುಕೊಂಡೆ, ಕೊಟ್ಟ ವಿಷಯ ಬಿಟ್ಟು ಎಲ್ಲೆಲ್ಲೋ ಹೋದೆ. ತಾಳ್ಮೆಯಿಂದ ಕೂತು ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ನಮಸ್ಕಾರ.